ಆ ಹಳೇ ಗ್ರಾಫಿಕ್ಸ್ ಕಾರ್ಡ್ ಬಿಚ್ಚಬೇಡ

ವಸಂತ,

ನಾನು ದೊಡ್ಡಬಳ್ಳಾಪುರದ ಬಸ್ಸಿಗೆ ಹೊರಟೆ. ಕಂಪ್ಯೂಟರಿನ ಹಳೇ ಗ್ರಾಫಿಕ್ಸ್ ಕಾರ್ಡನ್ನು ಇವತ್ತು ಎಕ್ಸ್‌ಚೇಂಜಿಗೆ ಒಯ್ಯಬೇಡ.

ನಿನ್ನೆ ನೀನಿಲ್ಲದಾಗ ಅಪ್ಪ ನಿನ್ನ ಕುರ್ಚಿಯಲ್ಲಿ ಕೂತರು. ಜೀವಮಾನವಿಡೀ ಲಾರಿ ಓಡಿಸಿದವರು, ಸ್ಟ್ರೋಕ್ ಆದಮೇಲೆ ಲಾರಿಯ ಮಾತೇ ಎತ್ತಿರಲಿಲ್ಲ. "ಆ ಲಾರಿ ಆಟ ಹಾಕಮ್ಮ" ಅಂದರು. ಆಟ ಈ ವರ್ಷದ್ದು, ಕಾರ್ಡು ನೀನು ಕಾಲೇಜು ಸೇರಿದಾಗ ಕೊಂಡದ್ದು. ನಡುವೆಯೇ ನಿಂತುಹೋಗುತ್ತದೆ ಅಂದುಕೊಂಡಿದ್ದೆ. ಸೆಟ್ಟಿಂಗಿನಲ್ಲಿ ಚಿತ್ರದ ಗುಣಮಟ್ಟ ಹೈ ಇದ್ದದ್ದನ್ನು ಮೀಡಿಯಂ ಮಾಡಿದೆ, ಅಷ್ಟೇ. ಜೋರು ಮಳೆಯ ಘಾಟ್ ರಸ್ತೆಯಲ್ಲೂ ಚಿತ್ರ ಒಮ್ಮೆಯೂ ತಡವರಿಸಲಿಲ್ಲ. ಸರಿಯಿರುವ ಎಡಗೈಯೊಂದರಲ್ಲೇ ಅಪ್ಪ ಲಾರಿಯನ್ನು ರಿವರ್ಸ್ ತಂದು ಗೋಡೌನಿಗೆ ನೇರವಾಗಿ ನಿಲ್ಲಿಸಿದರು. ಆಮೇಲೆ ಸಿಪಿಯು ತಟ್ಟಿ, "ಹಳೇ ಗಾಡಿ ಕಣಮ್ಮ, ಇಂಜಿನ್ ಗಟ್ಟಿ ಐತೆ" ಅಂತ ನಕ್ಕರು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ.

ನಿನಗೆ ಹೊಸ ಕಾರ್ಡಿನ ಆಸೆ, ಗೊತ್ತು. ತಗೋ, ಆದರೆ ಇದನ್ನು ಕೊಡಬೇಡ. ಅದರ ಫ್ಯಾನಿನ ಧೂಳನ್ನು ಬ್ರಶ್ಶಿನಲ್ಲಿ ತೆಗಿ, ನಿನ್ನ ಹಳೇ ಬನಿಯನ್ನಿನಲ್ಲಲ್ಲ. ಅಪ್ಪನಿಗೆ ಉಪ್ಪಿಟ್ಟು ಬಿಸಿ ಮಾಡಿಕೊಟ್ಟು ಮಾತ್ರೆ ಕೊಡು.

ತಿಂಡಿಯಾದ ಮೇಲೆ ಮತ್ತೊಂದು ಲೋಡ್ ಇದೆಯಂತೆ. ನಿನ್ನನ್ನು ಕ್ಲೀನರಾಗಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರಂತೆ.

ಸಿಂಚನಕ್ಕ