ಹೊಗೆಕೊಳವೆ ಇಲ್ಲದ ರೊಟ್ಟಿ ಕೇಂದ್ರ

ಬಸವನ ಬಾಗೇವಾಡಿ
೧೮ ಮೇ ೨೦೨೫

ಚಿರಂಜೀವಿ ವಿಜಯಶ್ರೀಗೆ ಅವ್ವನ ಆಶೀರ್ವಾದಗಳು.

ಊರು ಮುಟ್ಟಿದ ಸುದ್ದಿಯನ್ನೂ ತಿಳಿಸಲಿಲ್ಲ, ತಪ್ಪು ತಿಳಿಯಬೇಡ. ಮದುವೆಯ ಸೀಸನ್ನು. ಇಂಡಿ, ಮುದ್ದೇಬಿಹಾಳ ಎರಡೂ ಕಡೆಯಿಂದ ರೊಟ್ಟಿಯ ಆರ್ಡರು ಬಂದು, ನಾನೂ ಮುಮ್ತಾಜಳೂ ಒಲೆ ಬಿಟ್ಟು ಎದ್ದಿಲ್ಲ. ಫೋನು ಮಾಡಬಹುದಿತ್ತು. ಆದರೆ ಬೈಗುಳ ಶುರುವಾದ ಕೂಡಲೇ ನೀನು ಕಟ್ ಮಾಡುತ್ತೀ. ಕಾಗದಕ್ಕೆ ಆ ಸೌಲಭ್ಯವಿಲ್ಲ.

"ಅವ್ವಾ, ಕಡೀ ವರ್ಷದ ಪ್ರಾಜೆಕ್ಟಿಗೆ ನಿನ್ನ ರೊಟ್ಟಿ ಕೇಂದ್ರಾನ ಹೊಸದಾಗಿ ಡಿಸೈನ್ ಮಾಡೇನಿ, ಪರೀಕ್ಷಾ ದಿನ ಬಾ" ಎಂದು ನೀನು ಕರೆದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಇಳಕಲ್ ಸೀರೆ ಉಟ್ಟು, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದೆ.

ಏನು ಕಾಲೇಜವ್ವಾ ಅದು! ನಿನ್ನ ಜೊತೆ ಓದುವ ಆ ಅಮಿತ ಎಂಬ ಹುಡುಗ ಸಿಂದಗಿಗೊಂದು ಗ್ರಂಥಾಲಯದ ಮಾದರಿ ಮಾಡಿದ್ದ, ಮುದುಡಿ ಎಸೆದ ರಟ್ಟಿನ ಹಾಗಿತ್ತು. ಬಾಗಿಲು ಎಲ್ಲಿ ಎಂದು ಕೇಳಿದರೆ ಅದನ್ನು ಅನುಭವಿಸಬೇಕು ಎಂದ. ತಲೆಯ ಮೇಲೆ ಕನ್ನಡಕ ಏರಿಸಿಕೊಂಡಿದ್ದ ಆ ಕಪ್ಪಂಗಿಯ ಪರೀಕ್ಷಕರು, ಇದರಲ್ಲಿ ಶೂನ್ಯ ಮಾತಾಡುತ್ತದೆ ಎಂದು ತಲೆದೂಗಿದರು. ಬಾಗೇವಾಡಿಯವಳ ಮುಂದೆ ಶೂನ್ಯದ ಮಾತು! ಹೊಟ್ಟೆ ಹಿಡಿದುಕೊಂಡು ನಗು ತಡೆದೆ.

ನಿನ್ನದೇನು ಕಡಿಮೆಯೇ? ಬಿಳಿ ರಟ್ಟಿನ ಕೇಂದ್ರ, ಸುತ್ತ ಗಾಜು, ನಾವು ರೊಟ್ಟಿ ಬಡಿಯುವುದನ್ನು ಪ್ರವಾಸಿಗರು ಮೃಗಾಲಯದಲ್ಲಿ ನೋಡಿದಂತೆ ನೋಡಲಿ ಎಂದು. ಒಲೆಗಳಿದ್ದವು, ಹೊಗೆಕೊಳವೆ ಮಾತ್ರ ಇರಲಿಲ್ಲ. ಕೇಳಿದರೆ ಅದರಿಂದ ಕಟ್ಟಡದ ಗೆರೆ ಕೆಡುತ್ತದೆ ಎಂದು ಪಿಸುಗುಟ್ಟಿದೆ. ನಿನ್ನ ಗೆರೆಗೆ ಬೆಂಕಿ ಬೀಳಲಿ, ಹೊಗೆ ಕುಡಿಯುವವಳು ಮುಮ್ತಾಜ. ಕಡ್ಡಿಯಂಥ ರಟ್ಟಿನ ಮನುಷ್ಯರು ಬೇರೆ, ಒಬ್ಬಳ ಕೈಯಲ್ಲಿ ಹಗ್ಗ ಕಟ್ಟಿದ ನಾಯಿ. ನಮ್ಮೂರಿನಲ್ಲಿ ನಾಯಿಯನ್ನು ಮೆರವಣಿಗೆ ಮಾಡಿಸುವವರು ಯಾರು, ನನಗೂ ತೋರಿಸು.

ಅದೆಲ್ಲ ಹಾಳಾಗಲಿ. ನಿನ್ನ ಸರದಿ ಬಂದಾಗ ನಾನು ಸೆರಗು ಸರಿಮಾಡಿಕೊಂಡು ಎದ್ದೆ. ನೀನು ನನ್ನ ಕಡೆ ಕೈ ತೋರಿಸಿ, "ಇವರು ಅಲ್ಲಿ ರೊಟ್ಟಿ ಮಾಡೋರು ಸರ್, ನಮ್ಮ ಕೇಸ್ ಸ್ಟಡಿ" ಎಂದೆ. ಗುರುತಿಲ್ಲದವರ ನಡುವೆ ತಿಂಗಳುಗಟ್ಟಲೆ ಕೂತು ಅವರ ಬದುಕು ಅರಿತಿದ್ದೀ ಎಂದು ಕಪ್ಪಂಗಿಯವರು ನಿನ್ನನ್ನು ಹೊಗಳಿದರು. ನೀನು ಆ ಹೊಗಳಿಕೆಯನ್ನು ನಗುತ್ತ ತೆಗೆದುಕೊಂಡೆ. ಕಟ್ಟಡ ಹೇಗಿದೆ ಎಂದು ಅವರು ನನ್ನನ್ನೇ ಕೇಳಿದಾಗ ನಿನ್ನ ಮುಖ ಬಿಳಿಚಿತು. ನಾನು "ಚಲೋ ಐತ್ರಿ" ಎಂದೆ. ಹೊಗೆಕೊಳವೆಯ ಮಾತು ಎತ್ತಲಿಲ್ಲ. ಆಮೇಲೆ ಅವರೆಲ್ಲ ನನ್ನ ರೊಟ್ಟಿ ಮುರಿದು ತಿಂದು, ಅಪ್ಪಟ ದೇಸಿ ಎಂದು ಚಪ್ಪರಿಸಿದರು. ಕೈ ತೊಳೆಯುವುದು ಎಲ್ಲಿ ಎಂದು ಅವರೇ ಹುಡುಕಾಡಿದರು, ಅಂಥ ಕಾಲೇಜು ನಿಮ್ಮದು.

ನಿನಗೆ ಮೊದಲ ದರ್ಜೆ ಬಂದ ಸುದ್ದಿ ಮುಮ್ತಾಜಳ ಮಗಳು ಗುಲನಾಜ ಮೊಬೈಲಿನಲ್ಲಿ ತೋರಿಸಿದಳು. ಎಲ್ಲರಿಗೂ ಪೇಢೆ ಹಂಚಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ದೊಡ್ಡ ದೊಡ್ಡ ಮನೆ ಕಟ್ಟು, ನೂರು ವರ್ಷ ಬಾಳು ಮಗಳೆ.

ನಿನ್ನ ಅವ್ವ
ಶಂಕ್ರೆವ್ವ

ತಾ.ಕ.: ನೀನು ಚಹಾ ತರಲು ಹೋದಾಗ ಕಪ್ಪಂಗಿಯವರು ಪಕ್ಕ ಬಂದು ಕೂತು, ಮಕ್ಕಳೆಷ್ಟು ಎಂದು ಕೇಳಿದರು. ಒಬ್ಬ ಮಗಳು ಎಂದರೆ ಏನು ಓದುತ್ತಾಳೆ ಎಂದು ಕೇಳುತ್ತಾರೆ, ಆಗ ನಿನ್ನ ಸುಳ್ಳು ಬಯಲಾಗುತ್ತದೆ. "ಮಕ್ಕಳಿಲ್ರಿ" ಎಂದುಬಿಟ್ಟೆ. ಹೆತ್ತವಳ ಬಾಯಿಂದ ಅದು ಹೇಗೆ ಬಂತೋ. ನೀನು ಚಹಾ ಹಿಡಿದು ಹಿಂದೆಯೇ ನಿಂತಿದ್ದೆ, ವಿಜೀ. ಅದನ್ನು ನೀನೂ ಕೇಳಿಸಿಕೊಂಡೆ. ಸದ್ಯ, ಬದುಕಿದೆ ಎಂಬಂತೆ ನೀನು ಉಸಿರು ಬಿಟ್ಟದ್ದು ನನಗೂ ಕೇಳಿಸಿತು.