ಹತ್ತೊಂಬತ್ತನೇ ತಾರೀಖಿನ ಎಲೆಗಳು

ಬೆಥೆಲ್, ವರ್ಮಾಂಟ್
ಸೆಪ್ಟೆಂಬರ್ 9, 2019

ಮುದ್ದು ಟೆಸ್ಸಾ,

ನೀನು ಕಳಿಸಿದ ನಕ್ಷೆ ಬಂತು. ಮೂರು ದಿನದ ಪ್ರವಾಸಕ್ಕೆ ಮೂರು ಬಣ್ಣದ ಗೆರೆ, ಎಲ್ಲಿ ಕಾಫಿ, ಎಲ್ಲಿ ಫೋಟೋ ಅಂತ ಪಕ್ಕದಲ್ಲಿ ಚೀಟಿ ಬೇರೆ. ಇವಳು ಬಣ್ಣ ತಿರುಗಿದ ಎಲೆ ನೋಡಲು ಹೊರಟಿದ್ದಾಳೋ ದಂಡೆತ್ತಿ ಹೊರಟಿದ್ದಾಳೋ ಅಂದುಕೊಂಡೆ. ಅಡುಗೆಮನೆ ಮೇಜಿನ ಮೇಲೆ ಹರಡಿ, ಎರಡು ಕನ್ನಡಕ ಬದಲಾಯಿಸಿ ನೋಡಿದ್ದೇನೆ. ನೂರನೇ ನಂಬರಿನ ರಸ್ತೆ ಮಾತ್ರ ಹಿಡಿಯಬೇಡ. ಆ ದಿನಗಳಲ್ಲಿ ಅಲ್ಲಿ ಎಲೆಗಿಂತ ಕಾರುಗಳೇ ಜಾಸ್ತಿ. ಒಂದು ಕೆಂಪು ಮೇಪಲ್ ಕಂಡರೆ ಸಾಕು, ನ್ಯೂಜೆರ್ಸಿಯವರು ನಡುರಸ್ತೆಯಲ್ಲೇ ಬ್ರೇಕ್ ಒತ್ತಿ ಇಳಿದುಬಿಡುತ್ತಾರೆ. ಹೋದ ವರ್ಷ ಒಬ್ಬಳು ನಮ್ಮ ಅಂಗಳಕ್ಕೇ ನುಗ್ಗಿ, ಹಗ್ಗದ ಮೇಲಿದ್ದ ನನ್ನ ಒಳಲಂಗ ಫೋಟೋಗೆ ಅಡ್ಡ ಬರುತ್ತೆ, ಸ್ವಲ್ಪ ತೆಗೀತೀರಾ ಅಂದಳು. "ಲಂಗಾನೂ ನಂದೇ, ಮರಾನೂ ನಂದೇ ಕಣಮ್ಮ. ಬೇಕಾದ್ರೆ ಎರಡನ್ನೂ ತಗೋ, ಬೇಡಾಂದ್ರೆ ಎರಡನ್ನೂ ಬಿಡು" ಅಂದೆ. ಎರಡನ್ನೂ ಸೇರಿಸಿಯೇ ಫೋಟೋ ತೆಗೆದುಕೊಂಡಳು.

ಇರಲಿ. ನಿನ್ನ ಹತ್ತಿರ ಒಂದು ಸುಳ್ಳು ಹೇಳಿದ್ದೇನೆ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ಏನಾದರೂ ಕೇಳುತ್ತೀಯ, ನಾನು ಏನಾದರೂ ಅಂದುಬಿಡುತ್ತೇನೆ.

ಹೋದ ಭಾನುವಾರ ನೀನು ಕೇಳಿದೆಯಲ್ಲ, ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಉತ್ತರದ ಕಡೆ ಬಣ್ಣ ಬಂದಿರುತ್ತಾ ಅಜ್ಜಿ ಅಂತ? "ಎಲ್ಲಿ ಬರುತ್ತೆ? ಅಕ್ಟೋಬರ್ ಹತ್ತೊಂಬತ್ತಕ್ಕೆ ಇಟ್ಕೋ, ನಾನೂ ಬರ್ತೀನಿ" ಅಂದೆ. ಇಂಟರ್‌ನೆಟ್‌ನಲ್ಲಿ ಬೇರೆ ಥರ ಇದೆಯಲ್ಲ ಅಂದೆ ನೀನು. "ನಿನ್ನ ಇಂಟರ್‌ನೆಟ್ಟು ಯಾವತ್ತಾದ್ರೂ ಮರ ಹತ್ತಿದೆಯೇನೇ?" ಅಂತ ಬಾಯಿ ಮುಚ್ಚಿಸಿದೆ. ಪಾಪ, ನೀನು ನಂಬಿದೆ. ಅವತ್ತೇ ರಜೆ ಬದಲಾಯಿಸಿಕೊಂಡೆ.

ಇಂಟರ್‌ನೆಟ್ ಹೇಳಿದ್ದೇ ಸರಿ. ನಮ್ಮಲ್ಲಿ ಬಣ್ಣ ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೊದಲು ಉತ್ತರ, ಆಮೇಲೆ ದಕ್ಷಿಣ. ಮೊದಲು ಗುಡ್ಡದ ನೆತ್ತಿ, ಆಮೇಲೆ ಕಣಿವೆ. ಇಪ್ಪತ್ತೆಂಟಕ್ಕೆ ಬಂದರೆ ಉತ್ತರದ ಗುಡ್ಡಗಳು ಧಗಧಗ ಉರಿಯುತ್ತಿರುತ್ತವೆ. ಹತ್ತೊಂಬತ್ತಕ್ಕೆ ಒಂದು ಗಾಳಿಮಳೆ ಆಗಿ ಎಲೆಯೆಲ್ಲಾ ನೆಲ ಕಂಡಿರುತ್ತದೆ. ಜೌಗಿನ ಅಂಚಿನಲ್ಲಿ ಟ್ಯಾಮರಾಕ್ ಮರಗಳು ಮಾತ್ರ ಹಳದಿಯಾಗಿ ನಿಂತಿರುತ್ತವೆ. ನೋಡಲು ಕ್ರಿಸ್‌ಮಸ್ ಮರದ ಹಾಗೇ, ಆದರೆ ಚಳಿಗಾಲಕ್ಕೆ ಸೂಜಿಯೆಲ್ಲ ಉದುರಿಸಿಕೊಂಡು ಬೆತ್ತಲೆ ನಿಲ್ಲುತ್ತವೆ. ನೀನು ಚೀಟಿ ಅಂಟಿಸಿದ ಜಾಗದಲ್ಲೆಲ್ಲ ಬರೀ ಕಡ್ಡಿ.

ಹಾಗಾದರೆ ಹತ್ತೊಂಬತ್ತೇ ಯಾಕೆ? ಅವತ್ತು ನಾರ್ತ್ ಡೆಲ್ಬಿಯ ಚರ್ಚಿನಲ್ಲಿ ವರ್ಷಕ್ಕೊಮ್ಮೆಯ ಕೋಳಿ ಪೈ ಊಟ. ವರ್ನಾ ಅಲ್ಲಿರುತ್ತಾಳೆ.

ವರ್ನಾ ನನ್ನ ಸ್ವಂತ ಅಕ್ಕ. ನಾವು ಮಾತು ಬಿಟ್ಟು ಎಂಟು ವರ್ಷ ಅಂತ ನಿನಗೆ ಗೊತ್ತು. ಯಾಕೆ ಅಂತ ಕೇಳಿದಾಗಲೆಲ್ಲ ಅವಳಿಗೆ ಸೊಕ್ಕು ಅಂದಿದ್ದೇನೆ. ಅದೂ ಪೂರ್ತಿ ನಿಜವಲ್ಲ.

ಅವಳ ಗಂಡ ಲೈಲ್ ತೀರಿಹೋದದ್ದು ಆ ವರ್ಷ ಮಾರ್ಚ್ ತಿಂಗಳಲ್ಲಿ. ಮೇಪಲ್ ಮರದಿಂದ ರಸ ಇಳಿಸಿ ಪಾಕ ಕಾಯಿಸುವ ಕಾಲ. ಎಪ್ಪತ್ತೆಂಟರ ಮನುಷ್ಯ, ರಸದ ಕೊಳವೆ ಎಲ್ಲಿ ಸೋರುತ್ತಿದೆ ನೋಡುತ್ತೇನೆ ಅಂತ ಒಬ್ಬನೇ ಹಿಮದಲ್ಲಿ ಗುಡ್ಡ ಹತ್ತಿದ, ಜಾರಿ ಬಿದ್ದ. ಸಿಕ್ಕಿದಾಗ ಸಂಜೆಯಾಗಿತ್ತು. ಮಣ್ಣು ಮಾಡಿದ ದಿನ ಚರ್ಚಿನ ಅಡುಗೆಮನೆಯಲ್ಲಿ ವರ್ನಾ ಪಾತ್ರೆ ತೊಳೆಯುತ್ತಿದ್ದಳು. ಯಾರು ಬೇಡ ಅಂದರೂ ಕೇಳಿರಲಿಲ್ಲ. ಏಳೆಂಟು ಹೆಂಗಸರಿದ್ದರು. ಅವರೆದುರಿಗೇ ನಾನು ಅಂದೆ: "ಆ ಮುದುಕನ್ನ ಒಬ್ಬನ್ನೇ ಕಳಿಸಿ ನೀನು ಏನ್ ಮಾಡ್ತಿದ್ದೆ?"

"ರಸ ಕುದಿಸ್ತಿದ್ದೆ. ಒಲೆ ಬಿಟ್ಟು ಬರಬೇಡ ಅಂದಿದ್ದ" ಅಂದಳು. ಕೈ ಒರೆಸಿಕೊಂಡು ಹೊರಗೆ ಹೋದಳು. ಅಷ್ಟೇ.

ಟೆಸ್ಸಾ, ನಾವಿಬ್ಬರೂ ಅಂಥ ಒಲೆಯ ಮುಂದೇ ಬೆಳೆದವರು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೂ ಅದರ ಮುಂದೆ ನಿಲ್ಲುವುದಕ್ಕೇ. ರಸ ಕುದಿಯುವಾಗ ಐದು ನಿಮಿಷ ಅತ್ತ ಹೋದರೆ ಪಾಕ ಸೀದು, ಕೊಪ್ಪರಿಗೆ ಸುಟ್ಟು, ಇಡೀ ವರ್ಷದ ದುಡಿಮೆ ಹೋಯಿತು ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ. ಲೈಲ್ ಅಂದರೆ ನನಗೂ ಜೀವ, ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಕೈಗೆ ಸಿಕ್ಕವಳು ಅವಳು.

ಹೋದ ತಿಂಗಳು ಸೌದೆ ತಂದ ಡೆಲ್ಬರ್ಟ್, "ಏನ್ ಯೂನಿಸ್, ನಿಮ್ಮಕ್ಕ ಮನೆ ಮಾರಿದ್ಲಂತೆ? ಚರ್ಚಿನ ಊಟ ಮುಗಿಸ್ಕೊಂಡು ಅರಿಜೋನಾಕ್ಕೆ, ಮಗಳ ಹತ್ರ ಹೋಗ್ತಾಳಂತೆ?" ಅಂದ. "ಎಲ್ಲಾ ಗೊತ್ತು ಕಣಯ್ಯ, ನೀನು ಸೌದೆ ನೆಟ್ಟಗೆ ಜೋಡಿಸು" ಅಂದೆ. ಗೊತ್ತಿರಲಿಲ್ಲ. ಅವನು ಹೋದಮೇಲೆ ಸೌದೆಯ ಮೇಲೇ ಕೂತೆ.

ಅರಿಜೋನಾದಲ್ಲಿ ಎಲೆ ಉದುರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಿಗೆ ಎಂಬತ್ತು, ನನಗೆ ಎಪ್ಪತ್ತಾರು. ಅಷ್ಟು ದೂರದಿಂದ ಅವಳೂ ಬರುವುದಿಲ್ಲ, ನಾನೂ ಹೋಗುವುದಿಲ್ಲ.

ಕಾಗದ ಬರೆಯಬಹುದಿತ್ತಲ್ಲ ಅನ್ನುತ್ತೀಯ. ಬರೆದೆ. ಒಡೆಯದೆ ವಾಪಸ್ ಬಂತು. ಅವಳೂ ನಮ್ಮಪ್ಪನ ಮಗಳೇ ತಾನೆ!

ಅದಕ್ಕೇ ಈ ಉಪಾಯ. ಆ ಊಟದಲ್ಲಿ ಪೈ ಮೇಲೆ ಹೊದಿಸಿ ಬೇಯಿಸುವ ಬಿಸ್ಕಿಟ್ ಹಿಟ್ಟು ಕಲೆಸುವವಳು ವರ್ನಾ, ಗ್ರೇವಿ ಜಗ್ ಹೊರಗೆ ತರುವವಳೂ ಅವಳೇ. ಬೇರೆಯವರು ಚೆಲ್ಲುತ್ತಾರೆ ಅಂತ ಯಾರ ಕೈಗೂ ಕೊಡುವುದಿಲ್ಲ. ಉದ್ದ ಮೇಜಿನ ತುದಿಯಲ್ಲಿ ಕೂತವರಿಗೆ ಕೊಡುತ್ತಾಳೆ, ಅವರು ಮುಂದಿನವರಿಗೆ ದಾಟಿಸಬೇಕು. ಅಡುಗೆಮನೆ ಬಾಗಿಲ ಪಕ್ಕದ ತುದಿಯಲ್ಲಿ ನಾನು ಕೂರುತ್ತೇನೆ. ಅಷ್ಟು ಜನರೆದುರಿಗೆ ನನ್ನ ತಲೆಯ ಮೇಲಂತೂ ಸುರಿಯಲಾರಳು. ಕೈಗೇ ಕೊಡಬೇಕು. ಕೊಟ್ಟಾಗ ಹೇಳಬೇಕಾದ ಮಾತು ಹೇಳುತ್ತೇನೆ. ತಪ್ಪು ನನ್ನದು ಅಂತ, ಅಷ್ಟೇ. ಅವತ್ತು ಜನರ ಮುಂದೆ ಆಡಿದ್ದು, ಇದನ್ನೂ ಜನರ ಮುಂದೆಯೇ ಆಡಬೇಕು.

ಐದು ಗಂಟೆಯ ಪಂಕ್ತಿಗೆ ನಿನ್ನ ಹೆಸರಿನಲ್ಲಿ ಎರಡು ಜಾಗ ಹಿಡಿದಿದ್ದೇನೆ. ನಿಮ್ಮಪ್ಪನ ಮನೆತನದ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ, ನಾನು ಬರುವ ಸುಳಿವು ವರ್ನಾಗೆ ಸಿಗುವುದಿಲ್ಲ.

ಈಗ ನಿನ್ನ ಇಷ್ಟ. ಬಣ್ಣವೇ ಬೇಕಾದರೆ ರಜೆ ಮತ್ತೆ ಇಪ್ಪತ್ತೆಂಟಕ್ಕೆ ಮಾಡಿಕೊ. ಹದಿನಾಲ್ಕನೇ ರಸ್ತೆ ಹಿಡಿದು ಉತ್ತರಕ್ಕೆ ಹೋಗು, ಹಾರ್ಡ್‌ವಿಕ್ ದಾಟಿದ ಮೇಲೆ ಮಣ್ಣುರಸ್ತೆ ಕಂಡಲ್ಲೆಲ್ಲ ತಿರುಗು, ಬೆಳಿಗ್ಗೆ ಮಂಜು ಏಳುವ ಹೊತ್ತಿಗೆ ಕೆರೆಯ ಹತ್ತಿರ ಇರು. ಇದರಲ್ಲಿ ಸುಳ್ಳಿಲ್ಲ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ನಿನಗೆ ಗೊತ್ತಾಗದ ಹಾಗೆ ಮಾಡಿಕೊಳ್ಳುತ್ತೇನೆ.

ಹತ್ತೊಂಬತ್ತಕ್ಕೇ ಬರುವುದಾದರೆ ಬೆಚ್ಚಗಿನ ಕೋಟು ತಾ. ಹೋದ ಸಲ ಹಾಕಿಕೊಂಡು ಬಂದಿದ್ದೆಯಲ್ಲ, ಹೊಕ್ಕುಳೂ ಮುಚ್ಚದ್ದು, ಅದು ಚರ್ಚಿಗೆ ಆಗುವುದಿಲ್ಲ.

ನಿನ್ನ ಬಾಯಿಬಡುಕಿ ಅಜ್ಜಿ,
ಯೂನಿಸ್

ಮತ್ತೆ ಒಂದು ಮಾತು: ಅಷ್ಟು ದೂರ ನೀನೇ ಓಡಿಸಿಕೊಂಡು ಹೋಗಬಹುದಲ್ಲ, ನಾನ್ಯಾಕೆ ಅನ್ನಬೇಡ. ಹೋಗಿದ್ದೇನೆ. ಮೂರು ವರ್ಷದಿಂದ, ಪ್ರತಿ ಅಕ್ಟೋಬರಿನಲ್ಲಿ, ಆ ಊಟದ ದಿನವೇ. ಸೇಬು ತರಲು ಹೋಗಿದ್ದೆ ಅಂತ ನಿನ್ನಮ್ಮನಿಗೆ ಹೇಳಿದ್ದೇನೆ. ಚರ್ಚಿನ ಮುಂದೆ ಕಾರು ನಿಲ್ಲಿಸಿ, ಒಳಗಿನ ದೀಪ ನೋಡುತ್ತಾ ಅರ್ಧ ಗಂಟೆ ಕೂತು, ಇಳಿಯಲಾರದೆ ಹಾಗೇ ವಾಪಸ್ ಬಂದಿದ್ದೇನೆ. ಆದ್ದರಿಂದ ಕಾರು ನಿಂತ ತಕ್ಷಣ ಕೀಲಿ ನಿನ್ನ ಚೀಲಕ್ಕೆ ಹಾಕಿಕೊ. ಹೊಟ್ಟೆನೋವು ಅನ್ನುತ್ತೇನೆ, ಒಲೆ ಆರಿಸಿದೆನೋ ಇಲ್ಲವೋ ಅನ್ನುತ್ತೇನೆ, ನಿನಗೂ ಬಾಯಿಗೆ ಬಂದಹಾಗೆ ಬೈಯುತ್ತೇನೆ. ಕೊಡಬೇಡ.