ಕ್ಯೋಟೋದಲ್ಲಿ ಉದುರಿದ ಹಲ್ಲು

ಗೆಳೆಯಾ ಬಸೂ,

ಮಗಳಿಗೆಂದು ಬೊಗಳುವ ರೋಬೋಟು ನಾಯಿ ಹುಡುಕುತ್ತ ಜಪಾನಿನ ಎಲೆಕ್ಟ್ರಾನಿಕ್ಸ್ ಪೇಟೆ ಅಕಿಹಬರಾದಲ್ಲಿ ನನ್ನನ್ನೂ ಇಮ್ತಿಯಾಜನನ್ನೂ ಎಂಟಂತಸ್ತಿನ ಅಂಗಡಿ ಹತ್ತಿಸಿ ಇಳಿಸಿದೆಯಲ್ಲ, ಅಲ್ಲೇ ನನ್ನ ತಲೆ ಕೆಟ್ಟಿತ್ತು. ಅಮೆರಿಕದಲ್ಲಿ ಹೇವರ್ಡಿನ ಒಂದೇ ಆಫೀಸಿನ ಮೂವರು ನಾವು. ಷೇರು ಏರುತ್ತಿದ್ದ ಕಾಲ, ರಜೆ ಹಾಕಿ ಜಪಾನಿಗೆ ಹಾರಿದ್ದೆವು. ಕಿವಿ ಹರಿಯುವ ಹಾಡು, ಗೋಡೆ ತುಂಬ ಕಾರ್ಟೂನು ಹುಡುಗಿಯರು, ನೂಕುನುಗ್ಗಲು. ಗೇಮ್ ಪಾರ್ಲರಿನಲ್ಲಿ ಗುದ್ದಿನ ಬಲ ಅಳೆಯುವ ಯಂತ್ರ ಕಂಡದ್ದೇ ತಡ, ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡೆ. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. "ಲೇ ಮಲ್ಲ್ಯಾ, ನಿನ್ನ ಕೈ ಕಟ್ಟಿ ಇಡಬೇಕಲೇ," ಎಂದು ನಕ್ಕೆ ನೀನು. ಅವತ್ತೇ ಕಟ್ಟಿ ಇಟ್ಟಿದ್ದರೆ...

ಕ್ಯೋಟೋದ ಆ ಗುಡಿ ನೆನಪಿದೆಯೇ? ಕೆಂಪು ಕಂಬಗಳ ಬಾಗಿಲು ದಾಟಿದರೆ ಕಲ್ಲಿನ ತೊಟ್ಟಿ, ಅದರ ಮೇಲೆ ಬಿದಿರಿನ ಸೌಟುಗಳು. ಕೈ ತೊಳೆದು ಬಾಯಿ ಮುಕ್ಕಳಿಸಲು ಇಟ್ಟ ನೀರದು. ನಮಗೇನು ಗೊತ್ತು? ಗುಡಿಗೆ ಹೋದರೆ ಮೊದಲು ಕಾಲು ತೊಳೆಯಬೇಕು, ನಮ್ಮ ಹಿರಿಯರು ಕಲಿಸಿದ್ದು ಅಷ್ಟೇ. ನೀನು ಬೂಟು ಕಳಚಿ, ಪ್ಯಾಂಟು ಮಡಚಿ, ತೊಟ್ಟಿಯ ಅಂಚಿಗೇ ಕಾಲಿಟ್ಟು ಭಕ್ತಿಯಿಂದ ನೀರು ಸುರಿದುಕೊಂಡೆ. ಗುಡಿ ನೋಡಿಕೊಳ್ಳುವ ಮುದುಕ ಕೂಗುತ್ತ ಓಡಿಬಂದ. ಸೌಟು ಕಸಿದು ನಿನ್ನ ಎದೆಗೆ ಕೈಯಿಟ್ಟು ತಳ್ಳಿದ.

ನನ್ನ ಅಜ್ಜನ ವಯಸ್ಸು ಅವನಿಗೆ. ಆದರೂ ನಾನು ಅವನ ಕಾಲರು ಹಿಡಿದು ಕಂಬಕ್ಕೆ ಒತ್ತಿ ಮುಷ್ಟಿ ಎತ್ತಿದೆ. ಯಾಕೋ ನಡುವೆ ಬಂದೆ? ಏಟು ನಿನ್ನ ಬಾಯಿಗೇ ಬಿತ್ತು. ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅಂಗಿಯೆಲ್ಲ ರಕ್ತ, ಕಲ್ಲಿನ ಮೇಲೂ ರಕ್ತ. "ಬಿಡೋ! ಸಾಯಿಸ್ಬಿಡ್ತೀಯೇನೋ ಅವನ್ನ!" ಎಂದು ಇಮ್ತಿಯಾಜ್ ಹಿಂದಿನಿಂದ ನನ್ನನ್ನು ತಬ್ಬಿ ಎಳೆದ. ಆ ಮುದುಕನೇ ನೀರು ತಂದು ನಿನ್ನ ಬಾಯಿ ತೊಳೆದ. ನೀನು ರಕ್ತ ಸುರಿಸುತ್ತಲೇ ಅವನಿಗೆ ಬಗ್ಗಿ ಬಗ್ಗಿ ಕೈ ಮುಗಿದೆ.

ವಾಪಸು ಬರುವ ವಿಮಾನದಲ್ಲಿ ನೀನೇ ತೀರ್ಮಾನ ಮಾಡಿದೆ: "ಗುಡಿ ಪಾವಟಿಗಿ ಮ್ಯಾಲೆ ಜಾರಿ ಬಿದ್ದೆ, ಇಷ್ಟ. ಯಾರೂ ಬಾಯಿ ಬಿಡಬ್ಯಾಡ್ರಿ." ಅಲ್ಲಿಂದ ಮುಂದೆ ಸ್ಯಾನ್ ರಮೋನಿನ ನಿಮ್ಮ ಮನೆಗೆ ನಾನು ಭಾನುವಾರ ಬಂದಾಗಲೆಲ್ಲ ವೈನಿ ಗಂಡನೆಂದೂ ನೋಡದೆ ನಿನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಕಣ್ಣು ನೆತ್ತಿ ಮ್ಯಾಲಿದ್ವೇನ್ರಿ? ಆ ಬಾಯಿ ಒಂದೀಟು ಕನ್ನಡ್ಯಾಗ ನೋಡ್ಕೋರಿ!" ನೀನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ನಾನು ಚಹಾ ಹೀರುತ್ತಿದ್ದೆ. ಥೂ, ಎಂಥ ಹೇಡಿ ನಾನು! ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುವಷ್ಟರಲ್ಲಿ ಫ್ರೀವೇಯಲ್ಲಿ ಆ ಮಂಜು, ಆ ಟ್ರಕ್ಕು...

ನೀನು ಹೋದ ಮೇಲೆ ನಮ್ಮ ಆಫೀಸೂ ಮುಚ್ಚಿತು, ಅದು ಬಿಡು. ನಿನ್ನೆ ನಿಮ್ಮ ಮನೆಗೆ ಹೋಗಿ ಹೇಳಿಬಿಟ್ಟೆ. ಮುದುಕನಿಗೆ ಎತ್ತಿದ ಕೈ, ಗುರಿ ತಪ್ಪಿ ಬಸುಗೆ ಬಿತ್ತು ವೈನಿ ಎಂದೆ. ವೈನಿ ಕಪಾಳಕ್ಕೆ ಬಿಟ್ಟರು ನೋಡು! "ಸತ್ತ ದಿನಾ ಮುಂಜಾನಿನೂ ಕುರುಡ ಅಂತ ಬೈದು ಕಳಿಸೇನಿ ಅವರನ್ನ. ನೀ ಇಲ್ಲೇ ಕುಂತು ಚಾ ಕುಡದಿ. ಕುಡದಿಲ್ಲೋ?" ಒಂದೊಂದು ಮಾತಿಗೆ ಒಂದೊಂದು ಏಟು. ತುಟಿ ಒಡೆಯಿತು. ನಿನ್ನ ಮಗಳು ಗೌರಿ ನಡುವೆ ನುಗ್ಗಿ, "ಮಮ್ಮೀ, ಸ್ಟಾಪ್! ಪ್ಲೀಸ್ ಸ್ಟಾಪ್!" ಎಂದು ಕಿರುಚಿದಳು. ನನ್ನ ಕೈ ಏಳಲಿಲ್ಲ ಬಸೂ. ವೈನಿ ನನ್ನನ್ನು ಹೊರಗೆ ನೂಕಿ ಬಾಗಿಲು ಹಾಕಿಕೊಂಡರು.

ಬರುವ ಭಾನುವಾರ ಮತ್ತೆ ಹೋಗಿ ಆ ಬಾಗಿಲು ತಟ್ಟುತ್ತೇನೆ, ಇದು ನಿನಗೆ ಕೊಟ್ಟ ಮಾತು. ಗುರಿ ತಪ್ಪಿದ್ದು ಮೊದಲನೆಯ ಏಟು ಮಾತ್ರ. ಎದುರಿಗಿರುವುದು ನೀನೆಂದು ಚೆನ್ನಾಗಿ ಗೊತ್ತಾದ ಮೇಲೂ, ಅಡ್ಡ ಬಂದೆಯೆಂಬ ಸಿಟ್ಟಿಗೆ ಇನ್ನೊಂದು ಹೊಡೆದೆನಲ್ಲ, ಅದನ್ನು ವೈನಿಗೆ ಇನ್ನೂ ಹೇಳಿಲ್ಲ.